ಡಾಕ್ಟರಾಗಲಿರುವ ಮಗಳು ನಿದ್ದೆ ಮಾಡಿದಳೇ?

ಬಾಗಲಗುಂಟೆಯ ಆ ಮನೆಯ ಯಜಮಾನರಿಗೆ ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸ. ಮಗಳಿಗೆ ಎಂಬಿಬಿಎಸ್ ಸೀಟು ಸಿಕ್ಕಿದ ದಿನ ಇಡೀ ಗಲ್ಲಿಗೆ ಸಿಹಿ ಹಂಚಿದ್ದರು. ಈಗ ಆಕೆ ಕೊನೆಯ ವರ್ಷದಲ್ಲಿದ್ದಾಳೆ. ಹಾಸ್ಟೆಲಿನಿಂದ ಮನೆಗೆ ಬಂದರೆ ಬಾಗಿಲು ಹಾಕಿ ಮಲಗುತ್ತಾಳೆ. ತಮ್ಮ ಮಾತನಾಡಿಸಿದರೆ ರೇಗುತ್ತಾಳೆ. ಒಂದು ರಾತ್ರಿ ತಾಯಿಯ ಬಳಿ ಬಾಯಿಬಿಟ್ಟಳು. ವಾರ್ಡಿನಲ್ಲಿ ಅಜ್ಜಿಯೊಬ್ಬರ ಬಿ.ಪಿ. ನೋಡದೆಯೇ 'ನಾರ್ಮಲ್' ಎಂದು ಬರೆದುಬಿಟ್ಟಿದ್ದಳು. "ಸುಸ್ತಾಗಿತ್ತು ಅಮ್ಮಿ, ಅಷ್ಟೇ."

ಆ ತಾಯಿ ಇದನ್ನು ನನಗೆ ಹೇಳುವಾಗ ಅವರ ಕಣ್ಣು ತುಂಬಿತ್ತು. "ಆ ಅಜ್ಜಿ ಯಾರ ತಾಯಿಯೋ! ನನ್ನ ಮಗಳು ಸುಳ್ಳು ಬರೆಯುವವಳಲ್ಲ" ಎಂದರು.

ಅವರ ಮಾತು ನಿಜವಿರಬಹುದು. ದೀರ್ಘಕಾಲದ ಕೆಲಸದ ಒತ್ತಡದಿಂದ ಮನಸ್ಸು ಬರಿದಾಗಿ, ರೋಗಿಯ ಬಗ್ಗೆ ಕನಿಕರವೂ ಬತ್ತುವ ಸ್ಥಿತಿಯನ್ನು 'ಬರ್ನ್‌ಔಟ್' ಎನ್ನುತ್ತಾರೆ. ಅಮೆರಿಕದ 7 ವೈದ್ಯಕೀಯ ಕಾಲೇಜುಗಳ ವಿದ್ಯಾರ್ಥಿಗಳ ಕುರಿತ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಬರ್ನ್‌ಔಟ್ ಇತ್ತು. ವೃತ್ತಿಗೆ ತಕ್ಕದ್ದಲ್ಲದ ನಡತೆಯನ್ನು ಒಪ್ಪಿಕೊಂಡವರು ಅವರಲ್ಲಿ ಶೇ. 35, ಬರ್ನ್‌ಔಟ್ ಇಲ್ಲದವರಲ್ಲಿ ಶೇ. 22ರಷ್ಟು. ಪರೀಕ್ಷೆಯಲ್ಲಿ ನಕಲು ಮಾಡಿದವರು ಕಡಿಮೆ. ರೋಗಿಯನ್ನು ಪರೀಕ್ಷಿಸದೆ 'ನಾರ್ಮಲ್' ಎನ್ನುವಂತಹ ತಪ್ಪುಗಳೇ ಹೆಚ್ಚು.

ನಮ್ಮಲ್ಲಿಯೂ ಪರಿಸ್ಥಿತಿ ಹಗುರವಾಗಿಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರಲ್ಲಿ ವರದಿ ಕೊಟ್ಟಿತು. ಅದರ ಸಮೀಕ್ಷೆಗೆ ಉತ್ತರಿಸಿದ ಎಂಬಿಬಿಎಸ್ ವಿದ್ಯಾರ್ಥಿಗಳಲ್ಲಿ ಶೇ. 27.8 ಮಂದಿ ತಮಗೆ ಮಾನಸಿಕ ಕಾಯಿಲೆಯಿದೆ ಎಂದಿದ್ದರು. ಆಸ್ಪತ್ರೆಯಲ್ಲಿ ದುಡಿಯುವ ಸ್ನಾತಕೋತ್ತರ ವೈದ್ಯರಿಗೆ ವಾರಕ್ಕೆ 74 ಗಂಟೆ ಮೀರದ ಕೆಲಸ, ಒಂದು ದಿನ ರಜೆ, ದಿನಕ್ಕೆ 7-8 ಗಂಟೆ ನಿದ್ದೆ ಸಿಗಬೇಕೆಂದು ಅದು ಶಿಫಾರಸು ಮಾಡಿತು. 74 ಗಂಟೆಯೇ ದೊಡ್ಡ ರಿಯಾಯಿತಿ ಎನಿಸುವ ಕಾಲ ಇದು!

ಹಾಗೆಂದು ಆಯಾಸವಿದ್ದರೆ ಸುಳ್ಳು ಬರೆಯಬಹುದೇ? ಆ ತಾಯಿ ಬೈಯಲಿಲ್ಲ, ಮುಚ್ಚಿಡಲೂ ಬಿಡಲಿಲ್ಲ. "ಬೆಳಿಗ್ಗೆ ಹೋಗಿ ನಿಮ್ಮ ಡಾಕ್ಟರಿಗೆ ಹೇಳು" ಎಂದರು. ಮಗಳು ಹೇಳಿದಳು. ಅಷ್ಟರಲ್ಲಿ ಅಜ್ಜಿ ಡಿಸ್ಚಾರ್ಜ್ ಆಗಿದ್ದರು. ಹಿರಿಯ ವೈದ್ಯರು ಆ ಮನೆಗೆ ಫೋನ್ ಮಾಡಿಸಿ ಮತ್ತೆ ಕರೆಸಿಕೊಂಡರು.

ಬಳಿಕ ಮಗಳು ಸರಕಾರದ ಉಚಿತ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೂ ಮಾತನಾಡಿದಳು. ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು, ರಾತ್ರಿಯೂ ತೆರೆದಿರುತ್ತದೆ. ಮೊದಲೆಲ್ಲ ಹಾಸ್ಟೆಲಿಗೆ ಫೋನ್ ಮಾಡಿ "ಮಾರ್ಕ್ಸ್ ಎಷ್ಟು ಬಂತು?" ಎನ್ನುತ್ತಿದ್ದ ಅಮ್ಮಿ ಈಗ ಕೇಳುವುದು "ನಿನ್ನೆ ಎಷ್ಟು ಗಂಟೆ ಮಲಗಿದೆ ಬೇಟಿ?"