ಬಡಾವಣೆಯೇ ಕರೆದ ಟೆಂಡರ್: ಪಾರ್ಕ್‌ಹರ್ಸ್ಟ್‌ಗೆ ಫೈಬರ್ ಬಂದ ಬಗೆ

ನಗರದ ಒಂದು ಬಡಾವಣೆಗೆ ದೂರವಾಣಿ, ಕೇಬಲ್ ಅಥವಾ ಅಂತರ್ಜಾಲ ಸೇವೆ ಯಾವಾಗ ಬರಬೇಕೆಂಬುದನ್ನು ಸಾಮಾನ್ಯವಾಗಿ ಸೇವೆ ನೀಡುವ ಕಂಪನಿಯೇ ನಿರ್ಧರಿಸುತ್ತದೆ. ಗ್ರಾಹಕನ ಪಾಲಿಗೆ ಉಳಿಯುವುದು ಅರ್ಜಿ ಹಾಕಿ ಕಾಯುವ ಕೆಲಸ ಮಾತ್ರ. ದಕ್ಷಿಣ ಆಫ್ರಿಕದ ಜೊಹಾನ್ಸ್‌ಬರ್ಗ್ ನಗರದ ಪಾರ್ಕ್‌ಹರ್ಸ್ಟ್ ಎಂಬ ಬಡಾವಣೆಯ ನಿವಾಸಿಗಳ ಸಂಘವು 2014ರಲ್ಲಿ ಈ ಕ್ರಮವನ್ನೇ ತಿರುವುಮುರುವು ಮಾಡಿತು. ಕಂಪನಿಯು ಬಡಾವಣೆಯನ್ನು ಆರಿಸುವ ಬದಲು ಬಡಾವಣೆಯೇ ಕಂಪನಿಯನ್ನು ಆರಿಸಿತು. ಸ್ವಯಂಸೇವೆಯ ಮೇಲೆ ನಡೆಯುವ, ಬೀದಿದೀಪ, ಕಸ, ಕಳ್ಳತನಗಳ ಬಗ್ಗೆ ಚರ್ಚಿಸುವ ಒಂದು ಸಂಘವು ಕೈಗೊಂಡ ಆ ಪ್ರಯತ್ನವು ದೇಶದ ದೂರಸಂಪರ್ಕ ಮಾರುಕಟ್ಟೆಯ ದಿಕ್ಕನ್ನೇ ಬದಲಿಸಿತೆಂಬುದು ವಾಣಿಜ್ಯ ವಲಯದವರು ಗಮನಿಸಬೇಕಾದ ಸಂಗತಿ.

ಪಾರ್ಕ್‌ಹರ್ಸ್ಟ್ ದೊಡ್ಡ ಸ್ಥಳವೇನಲ್ಲ. ರೋಸ್‌ಬ್ಯಾಂಕ್ ವಾಣಿಜ್ಯ ಕೇಂದ್ರಕ್ಕೆ ಹತ್ತಿರದಲ್ಲಿರುವ, ಎರಡು ಸಾವಿರಕ್ಕೆ ಸ್ವಲ್ಪ ಹೆಚ್ಚು ಮನೆಗಳಿರುವ ನೆರೆ ಅದು. ಅದರ ನಾಲ್ಕನೆಯ ಅವೆನ್ಯೂ ಉಪಾಹಾರ ಗೃಹಗಳಿಗೂ ಹಳೆಯ ವಸ್ತುಗಳ ಅಂಗಡಿಗಳಿಗೂ ಹೆಸರಾಗಿದೆ. ನಿವೇಶನಗಳು ಚಿಕ್ಕವು, ಮನೆಗಳು ಒತ್ತಾಗಿವೆ. ಮೇಲ್ನೋಟಕ್ಕೆ ಅಮುಖ್ಯವೆನಿಸುವ ಈ ವಿವರ ಮುಂದಿನ ಲೆಕ್ಕಾಚಾರದಲ್ಲಿ ಬಹಳ ಮುಖ್ಯವಾಗುತ್ತದೆ.

ತಾಮ್ರದ ತಂತಿಯ ಕಾಲ

ದಕ್ಷಿಣ ಆಫ್ರಿಕದಲ್ಲಿ ಸ್ಥಿರ ದೂರವಾಣಿಯ ಏಕಸ್ವಾಮ್ಯ ಬಹುಕಾಲ ಟೆಲ್ಕಾಂ ಸಂಸ್ಥೆಯ ಕೈಯಲ್ಲಿತ್ತು. ಕಾನೂನಿನ ಏಕಸ್ವಾಮ್ಯದ ಅವಧಿ 2002ರಲ್ಲಿ ಮುಗಿದರೂ ಎರಡನೆಯ ಸಂಸ್ಥೆಯಾದ ನಿಯೋಟೆಲ್ ಸೇವೆಗೆ ಇಳಿದದ್ದು 2006ರಲ್ಲಿ. ಅಷ್ಟರೊಳಗೆ ಟೆಲ್ಕಾಂ 2002ರಲ್ಲಿ ಎಡಿಎಸ್‌ಎಲ್ ಸೇವೆಯನ್ನು ಆರಂಭಿಸಿತ್ತು. ವೇಗ ಸೆಕೆಂಡಿಗೆ 512 ಕಿಲೋಬಿಟ್; ತಿಂಗಳಿಗೆ 3 ಗಿಗಾಬೈಟ್ ಬಳಕೆಯ ಮಿತಿ. ಅಂತರ್ಜಾಲ ಬೇಕೆಂದವರು ಮಾತಾಡಲು ಬಳಸದಿದ್ದರೂ ದೂರವಾಣಿ ಸಂಪರ್ಕದ ಬಾಡಿಗೆಯನ್ನು ಪ್ರತ್ಯೇಕವಾಗಿ ತೆರಬೇಕಾಗಿತ್ತು. ಮಿತಿಯಿಲ್ಲದ ಬಳಕೆಯ ಯೋಜನೆ ಸಾಮಾನ್ಯ ಗ್ರಾಹಕನ ಕೈಗೆಟುಕಿದ್ದು 2010ರಲ್ಲಿ, ಅದೂ ಎಂವೆಬ್ ಎಂಬ ಖಾಸಗಿ ಸೇವಾದಾರನ ಮೂಲಕ.

ತಾಮ್ರದ ತಂತಿಗೆ ತನ್ನದೇ ಆದ ಮಿತಿಗಳಿವೆ. ದೂರವಾಣಿ ಕೇಂದ್ರದಿಂದ ಮನೆ ದೂರವಾದಷ್ಟೂ ಸಂಕೇತ ಕ್ಷೀಣಿಸಿ ವೇಗ ಕುಸಿಯುತ್ತದೆ. ಮಳೆನೀರು ಕೀಲುಗಳಿಗೆ ಇಳಿದರೆ ಸಂಪರ್ಕ ಕಡಿದುಹೋಗುತ್ತದೆ. ಇವೆರಡಕ್ಕಿಂತ ದೊಡ್ಡ ಪೀಡೆ ಕಳ್ಳತನ. ಗುಜರಿಯಲ್ಲಿ ತಾಮ್ರಕ್ಕೆ ಬೆಲೆಯಿರುವುದರಿಂದ ದಕ್ಷಿಣ ಆಫ್ರಿಕದ ನಗರಗಳಲ್ಲಿ ರಾತ್ರೋರಾತ್ರಿ ಕೇಬಲ್ ಕತ್ತರಿಸಿ ಒಯ್ಯುವುದು ಸಾಮಾನ್ಯವಾಗಿಬಿಟ್ಟಿತ್ತು. ಗಾಜಿನ ಎಳೆಯನ್ನು ಕದ್ದು ಮಾರಲು ಮಾರುಕಟ್ಟೆಯಿಲ್ಲ. ಫೈಬರ್‌ನ ಪರವಾದ ವಾದಗಳಲ್ಲಿ ಇದೂ ಒಂದು.

ಇನ್ನೊಂದು ಬದಿಯಲ್ಲಿ ದೇಶದ ಅಂತರ್ಜಾಲದ ಹೆದ್ದಾರಿಗಳು ತೆರೆಯುತ್ತಲಿದ್ದವು. ಸೀಕಾಂ ಸಾಗರತಳ ಕೇಬಲ್ 2009ರಲ್ಲಿ, ಈಸಿ ಕೇಬಲ್ 2010ರಲ್ಲಿ, ಪಶ್ಚಿಮ ಕರಾವಳಿಯ ವ್ಯಾಕ್ಸ್ ಕೇಬಲ್ 2012ರಲ್ಲಿ ಕಾರ್ಯಾರಂಭ ಮಾಡಿದವು. ಕಾನೂನಿನ ಬಾಗಿಲೂ ತೆರೆದಿತ್ತು. 2008ರ ಆಗಸ್ಟ್‌ನಲ್ಲಿ ಆಲ್ಟೆಕ್ ಸಂಸ್ಥೆಯ ಮೊಕದ್ದಮೆಯಲ್ಲಿ ಪ್ರಿಟೋರಿಯದ ಉಚ್ಚ ನ್ಯಾಯಾಲಯ ನೀಡಿದ ತೀರ್ಪಿನಿಂದಾಗಿ, ಅಲ್ಲಿಯವರೆಗೆ ಟೆಲ್ಕಾಂ ಮೊದಲಾದ ಕೆಲವರ ಜಾಲವನ್ನು ಬಾಡಿಗೆಗೆ ಪಡೆದು ವ್ಯವಹರಿಸುತ್ತಿದ್ದ ಸಣ್ಣ ಸೇವಾದಾರರಿಗೆ ಸ್ವಂತ ಜಾಲ ಕಟ್ಟುವ ಹಕ್ಕು ದೊರೆಯಿತು. ಹೀಗೆ ಸಮುದ್ರದಾಚೆಯಿಂದ ದಡದವರೆಗೆ, ದಡದಿಂದ ನಗರದವರೆಗೆ ಬೆಳಕಿನ ವೇಗ ಬಂದು ತಲುಪಿತು. ನಗರದ ಮುಖ್ಯರಸ್ತೆಯಿಂದ ಮನೆಯ ಬಾಗಿಲಿನವರೆಗಿನ ಕೊನೆಯ ಕೆಲವು ನೂರು ಮೀಟರುಗಳಲ್ಲಿ ಮಾತ್ರ ಹಳೆಯ ತಾಮ್ರವೇ ಉಳಿದುಕೊಂಡಿತು.

ಕಂದಕದ ಅರ್ಥಶಾಸ್ತ್ರ

ಈ ಕೊನೆಯ ಅಂತರವನ್ನು ಕ್ರಮಿಸಲು ಕಂಪನಿಗಳು ಹಿಂಜರಿದದ್ದೇಕೆ? ಫೈಬರ್ ಎಳೆ ದುಬಾರಿ ವಸ್ತುವಲ್ಲ. ಖರ್ಚಿನ ಬಹುಭಾಗ ನೆಲ ಅಗೆಯುವುದಕ್ಕೆ, ಕೊಳವೆ ಹೂಳುವುದಕ್ಕೆ, ಪಾದಚಾರಿ ಮಾರ್ಗವನ್ನು ಮತ್ತೆ ಮೊದಲಿನಂತೆ ಮುಚ್ಚುವುದಕ್ಕೆ ತಗಲುತ್ತದೆ. ಬೀದಿಯಲ್ಲಿ ನೂರು ಮನೆಗಳಿವೆ ಎಂದುಕೊಳ್ಳೋಣ. ಅವುಗಳಲ್ಲಿ ಇಪ್ಪತ್ತು ಮನೆಗಳು ಸಂಪರ್ಕ ಪಡೆದರೂ ಅರವತ್ತು ಮನೆಗಳು ಪಡೆದರೂ ಅಗೆಯುವ ಕಂದಕ ಒಂದೇ. ಮೊದಲ ಸಂದರ್ಭದಲ್ಲಿ ಪ್ರತಿ ಗ್ರಾಹಕನ ಮೇಲೆ ಬೀಳುವ ಹೊರೆ ಎರಡನೆಯದರ ಮೂರರಷ್ಟು. ಆದುದರಿಂದ ಹೂಡಿಕೆದಾರನಿಗೆ ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ಬೇಕಾಗಿರುವುದು ಒಂದು ಭರವಸೆ: ಅಗೆದ ಬೀದಿಯಲ್ಲಿ ಎಷ್ಟು ಮಂದಿ ಗ್ರಾಹಕರಾಗುತ್ತಾರೆ ಎಂಬುದರ ಭರವಸೆ. ಚಿಕ್ಕ ನಿವೇಶನಗಳ ಬಡಾವಣೆಯಲ್ಲಿ ಒಂದು ಮನೆಗೆ ಬೇಕಾಗುವ ಕಂದಕದ ಉದ್ದವೂ ಕಡಿಮೆ.

ಈ ಭರವಸೆಯನ್ನು ಕಂಪನಿಗಿಂತ ಅಗ್ಗವಾಗಿ ಒದಗಿಸಬಲ್ಲದ್ದು ನಿವಾಸಿಗಳ ಸಂಘ. ಮನೆಮನೆಯ ಪರಿಚಯ ಅದಕ್ಕುಂಟು. ಯಾರು ಮನೆಯಿಂದಲೇ ಕೆಲಸ ಮಾಡುತ್ತಾರೆ, ಯಾವ ಅಂಗಡಿಯವರಿಗೆ ಸಂಪರ್ಕ ಬೇಕಾಗಿದೆ ಎಂಬುದು ಅದಕ್ಕೆ ಗೊತ್ತು. ಪಾರ್ಕ್‌ಹರ್ಸ್ಟ್ ಸಂಘವು ನಿವಾಸಿಗಳಲ್ಲಿ ಆಸಕ್ತಿ ಎಷ್ಟಿದೆಯೆಂದು ವಿಚಾರಿಸಿ, ಆ ಬೇಡಿಕೆಯನ್ನೇ ಬಂಡವಾಳವಾಗಿ ಮುಂದಿಟ್ಟು ಕಂಪನಿಗಳಿಂದ ಪ್ರಸ್ತಾವಗಳನ್ನು ಆಹ್ವಾನಿಸಿತು. ಬೇಡಿಕೆಯ ಪಟ್ಟಿಯಲ್ಲಿ ಅಂತರ್ಜಾಲವೊಂದೇ ಇರಲಿಲ್ಲ. ಅಪರಾಧದ ಭಯ ಕಾಡುವ ಆ ನಗರದಲ್ಲಿ ಬೀದಿಗಳ ಕಣ್ಗಾವಲು ಕ್ಯಾಮೆರಾಗಳಿಗೂ ಅದೇ ಜಾಲ ಒದಗಬೇಕೆಂಬ ಅಪೇಕ್ಷೆಯಿತ್ತು. ವೇಗದ ಅಂತರ್ಜಾಲದ ಬಗ್ಗೆ ತಲೆಕೆಡಿಸಿಕೊಳ್ಳದ ಹಿರಿಯ ನಿವಾಸಿಯೂ ಸುರಕ್ಷತೆಯ ಮಾತು ಬಂದಾಗ ಸಭೆಗೆ ಬರುತ್ತಾನೆ. ಸಂಘಟಕರು ಈ ಎರಡನ್ನೂ ಒಂದೇ ಕಂದಕದಲ್ಲಿ ಸೇರಿಸಿದ್ದು ಜಾಣತನವೇ ಸರಿ.

ಹೊಸಬರಿಗೆ ಮಣೆ

ಹಲವು ಸಂಸ್ಥೆಗಳು ಸ್ಪರ್ಧಿಸಿದರೂ ಸಂಘದ ಆಯ್ಕೆ ವೂಮಾಟೆಲ್ ಎಂಬ, ಆಗಷ್ಟೇ ತಲೆಯೆತ್ತುತ್ತಿದ್ದ ಕಂಪನಿಯಾಯಿತು. ತೋರಿಸಲು ಹಿಂದಿನ ಸಾಧನೆಯಿಲ್ಲದ ಸಂಸ್ಥೆಗೆ ಇಡೀ ಬಡಾವಣೆಯ ಬೀದಿಗಳನ್ನು ಒಪ್ಪಿಸುವುದು ಸಣ್ಣ ಸಾಹಸವಲ್ಲ. ಅರ್ಧ ಅಗೆದು ಕಂಪನಿ ಮುಳುಗಿದ್ದರೆ ನಿವಾಸಿಗಳು ಬೈಯುತ್ತಿದ್ದುದು ಕಂಪನಿಯನ್ನಲ್ಲ, ಎದುರುಮನೆಯಲ್ಲೇ ಇರುವ ಸಂಘದ ಪದಾಧಿಕಾರಿಗಳನ್ನು. ಜಾಲದ ಬಂಡವಾಳವನ್ನು ಕಂಪನಿಯೇ ಹೂಡಿದ್ದರಿಂದ ನಿವಾಸಿಗಳ ಹಣ ಅಪಾಯದಲ್ಲಿರಲಿಲ್ಲ. ಸಂಘದ ಮರ್ಯಾದೆ ಮಾತ್ರ ಪಣಕ್ಕಿತ್ತು.

ವೂಮಾಟೆಲ್ ತಂದ ವ್ಯವಹಾರದ ಮಾದರಿ ‘ಮುಕ್ತ ಜಾಲ’ ಎಂಬುದು. ಕಂದಕ, ಕೊಳವೆ, ಫೈಬರ್‌ಗಳ ಒಡೆತನ ಜಾಲ ಕಂಪನಿಯದು. ಆದರೆ ಅದು ನೇರವಾಗಿ ಮನೆಗಳಿಗೆ ಅಂತರ್ಜಾಲ ಮಾರುವುದಿಲ್ಲ. ಜಾಲವನ್ನು ಸಗಟು ದರದಲ್ಲಿ ಅನೇಕ ಸೇವಾದಾರರಿಗೆ ಒದಗಿಸುತ್ತದೆ. ಚಿಲ್ಲರೆ ವ್ಯಾಪಾರದಲ್ಲಿ ಅವರು ತಮ್ಮತಮ್ಮಲ್ಲಿ ಪೈಪೋಟಿ ನಡೆಸುತ್ತಾರೆ. ಗ್ರಾಹಕನಿಗೆ ಸೇವಾದಾರ ಹಿಡಿಸದಿದ್ದರೆ ಗೋಡೆ ಕೊರೆಯದೆ, ತಂತಿ ಬದಲಿಸದೆ ಮತ್ತೊಬ್ಬನನ್ನು ಆರಿಸಿಕೊಳ್ಳಬಹುದು. ಒಂದು ಬೀದಿಯನ್ನು ಒಮ್ಮೆ ಅಗೆದ ಮೇಲೆ ಎರಡನೆಯ ಕಂಪನಿ ಅದೇ ಬೀದಿಯನ್ನು ಅಗೆದು ಲಾಭ ಕಾಣುವುದು ಕಷ್ಟ. ಅಂದರೆ ನೆಲದಡಿಯಲ್ಲಿ ಏಕಸ್ವಾಮ್ಯ ಬಹುಮಟ್ಟಿಗೆ ಅನಿವಾರ್ಯ. ಅದನ್ನು ಒಪ್ಪಿಕೊಂಡು ನೆಲದ ಮೇಲಾದರೂ ಸ್ಪರ್ಧೆ ಉಳಿಯಲಿ ಎಂಬುದು ಈ ಮಾದರಿಯ ತಿರುಳು.

2014ರಲ್ಲಿಯೇ ಅಗೆತ ಆರಂಭವಾಯಿತು. ಗೇಟು ಹಾಕಿದ ಖಾಸಗಿ ವಸತಿ ಸಮುಚ್ಚಯಗಳಲ್ಲಿ ಫೈಬರ್ ಅದಕ್ಕೂ ಮೊದಲೇ ಇತ್ತು. ಆದರೆ ಸಾರ್ವಜನಿಕ ರಸ್ತೆಗಳಿರುವ ಸಾಮಾನ್ಯ ಬಡಾವಣೆಯೊಂದು ತಾನಾಗಿ ಮುಂದೆ ಬಂದು ಈ ಸೌಲಭ್ಯ ಪಡೆದ ಮೊದಲ ಉದಾಹರಣೆ ಎಂಬ ಹೆಸರು ಪಾರ್ಕ್‌ಹರ್ಸ್ಟ್‌ಗೆ ಸಂದಿತು. ಬೆಂಗಳೂರಿನಲ್ಲಿ ಮರದ ಕೊಂಬೆ, ದೀಪದ ಕಂಬಗಳಿಂದ ಜೋತುಬಿದ್ದ ಕಪ್ಪು ಕೇಬಲ್‌ಗಳ ಅಡಿಯಲ್ಲಿ ತಲೆ ತಗ್ಗಿಸಿ ನಡೆಯುವವರಿಗೆ, ಜಾಲವನ್ನು ಪಾದಚಾರಿ ಮಾರ್ಗದಡಿ ಹೂಳಿಸಿಕೊಂಡ ಈ ಬಡಾವಣೆಯ ಬಗ್ಗೆ ಸ್ವಲ್ಪ ಅಸೂಯೆ ಮೂಡಿದರೆ ಆಶ್ಚರ್ಯವಿಲ್ಲ.

ನೆರೆಹೊರೆಯ ಪೈಪೋಟಿ

ಪರಿಣಾಮ ತಡವಾಗಲಿಲ್ಲ. ಟೆಲ್ಕಾಂ ಸಂಸ್ಥೆಯೂ ಅದೇ ವರ್ಷ ಹಲವು ಬಡಾವಣೆಗಳಿಗೆ ಫೈಬರ್ ಒಯ್ಯುವ ಯೋಜನೆಯನ್ನು ಪ್ರಕಟಿಸಿತು. ಮರುವರ್ಷ, 2015ರಲ್ಲಿ, ತನ್ನ ಸಗಟು ವಿಭಾಗವನ್ನು ಓಪನ್‌ಸರ್ವ್ ಎಂಬ ಪ್ರತ್ಯೇಕ ಹೆಸರಿನಲ್ಲಿ ನಿಲ್ಲಿಸಿತು. ಜೊಹಾನ್ಸ್‌ಬರ್ಗ್‌ನ ಪಾರ್ಕ್‌ಟೌನ್ ನಾರ್ತ್, ಗ್ರೀನ್‌ಸೈಡ್ ಮುಂತಾದ ನೆರೆಯ ಬಡಾವಣೆಗಳಿಗೂ ಜಾಲ ಹಬ್ಬಿತು. ‘ಅವರ ಬೀದಿಗೆ ಬಂದದ್ದು ನಮ್ಮ ಬೀದಿಗೇಕಿಲ್ಲ?’ ಎಂಬ ಪ್ರಶ್ನೆ ನಿವಾಸಿಗಳ ಸಂಘಗಳ ಸಭೆಗಳಲ್ಲಿ ಖಾಯಂ ವಿಷಯವಾಯಿತು. ಆ ದಶಕದ ಮಧ್ಯದಲ್ಲಿ ಸುಮಾರು 10 ಲಕ್ಷಕ್ಕೆ ಏರಿದ್ದ ಟೆಲ್ಕಾಂನ ಎಡಿಎಸ್‌ಎಲ್ ಸಂಪರ್ಕಗಳು ಅಲ್ಲಿಂದ ಮುಂದೆ ಇಳಿಮುಖವಾದವು.

ಎಲ್ಲವೂ ಸುಸೂತ್ರವಾಗಿ ನಡೆಯಿತೆಂದಲ್ಲ. ರಸ್ತೆಯ ಅಂಚನ್ನು ಅಗೆಯಲು ನಗರದ ರಸ್ತೆಗಳ ಸಂಸ್ಥೆಯ ಅನುಮತಿ ಬೇಕು. ಹಲವು ಗುತ್ತಿಗೆದಾರರು ಏಕಕಾಲಕ್ಕೆ ನಗರವನ್ನು ಅಗೆಯತೊಡಗಿದಾಗ ನೀರಿನ ಕೊಳವೆ ಒಡೆದವು, ಹಳೆಯ ತಂತಿಗಳು ಕತ್ತರಿಸಿದವು, ಮನೆ ಮುಂದಿನ ಹುಲ್ಲುಹಾಸುಗಳು ಹಾಳಾದವು ಎಂಬ ದೂರುಗಳು ಸಾಲುಗಟ್ಟಿದವು. ಮುಚ್ಚಿದ ಕಂದಕ ಮೊದಲ ಮಳೆಗೆ ಕುಸಿಯುವುದನ್ನು ಯಾವ ನಗರದ ನಾಗರಿಕನಿಗೂ ವಿವರಿಸಬೇಕಾಗಿಲ್ಲ.

ಇನ್ನೂ ಗಂಭೀರವಾದ ಆಕ್ಷೇಪ ಬೇರೆಯದು. ಬೇಡಿಕೆ ತೋರಿಸಿದವರಿಗೆ ಮೊದಲು ಎಂಬ ನಿಯಮದಲ್ಲಿ ಹಣವುಳ್ಳವರಿಗೆ ಮೊದಲು ಎಂಬುದೂ ಅಡಗಿದೆ. ಸಂಘ ಕಟ್ಟಲು ಬಿಡುವು, ಕರಾರು ಓದಲು ವಕೀಲ, ಲೆಕ್ಕ ಹಾಕಲು ಅರ್ಥಶಾಸ್ತ್ರಜ್ಞ ಇರುವ ಬಡಾವಣೆಗಳಿಗೆ ಫೈಬರ್ ಬಂದಾಗ, ಅದೇ ನಗರದ ಅಲೆಕ್ಸಾಂಡ್ರದಂಥ ಕಿಕ್ಕಿರಿದ ವಸತಿಗಳ ಜನರು ಮೊಬೈಲ್ ದತ್ತಾಂಶವನ್ನು ಚೂರುಚೂರಾಗಿ ದುಬಾರಿ ಬೆಲೆಗೆ ಕೊಳ್ಳುತ್ತಿದ್ದರು. ವೂಮಾಟೆಲ್ 2018ರಲ್ಲಿ ಅಲೆಕ್ಸಾಂಡ್ರಕ್ಕೆ ತಿಂಗಳಿಗೆ 89 ರಾಂಡ್ ದರದಲ್ಲಿ ಮಿತಿಯಿಲ್ಲದ ಸೇವೆಯ ಯೋಜನೆಯನ್ನು ಘೋಷಿಸಿತು. ಕಡಿಮೆ ಆದಾಯದ ಪ್ರದೇಶಗಳಿಗೆಂದು ಅನಂತರ ರೂಪಿಸಿದ ಯೋಜನೆಗಳಲ್ಲಿ ಕಂದಕದ ಖರ್ಚು ತಪ್ಪಿಸಲು ಕಂಬಗಳ ಮೇಲೆಯೇ ಫೈಬರ್ ಎಳೆಯುವ ಕ್ರಮವನ್ನು ಅನುಸರಿಸಲಾಯಿತು. ಸಿರಿವಂತರ ಬೀದಿಗೆ ನೆಲದಡಿಯ ಕೊಳವೆ, ಬಡವರ ಬೀದಿಗೆ ಕಂಬದ ತಂತಿ ಎಂದು ಟೀಕಿಸಬಹುದು. ಆದರೆ 89 ರಾಂಡ್‌ನ ಲೆಕ್ಕದಲ್ಲಿ ಕಂದಕ ಕೂಡಿಬರುವುದಿಲ್ಲ ಎಂಬುದೂ ಅಷ್ಟೇ ನಿಜ.

ಜಾಲದ ಒಡೆಯರು ಬದಲಾದಾಗ

2020ರ ಲಾಕ್‌ಡೌನ್ ಕಾಲದಲ್ಲಿ ಮನೆಯೇ ಕಚೇರಿ, ಶಾಲೆಗಳಾದಾಗ ಬಡಾವಣೆಗಳ ಫೈಬರ್ ತನ್ನ ನಿಜವಾದ ಬೆಲೆ ತೋರಿಸಿತು. 2023ರಲ್ಲಿ ವಿದ್ಯುತ್ ಕಡಿತ ಅತಿ ತೀವ್ರವಾಗಿದ್ದ ತಿಂಗಳುಗಳಲ್ಲಿ ಇನ್ನೊಂದು ಅನುಕೂಲ ಗೋಚರವಾಯಿತು. ಫೈಬರ್ ಎಳೆಗೆ ದಾರಿಯಲ್ಲಿ ವಿದ್ಯುತ್ ಬೇಕಿಲ್ಲ. ಎರಡು ತುದಿಗಳ ಉಪಕರಣಗಳಿಗೆ ಬ್ಯಾಟರಿಯಿದ್ದರೆ ಸಾಕು. ಮನೆಯ ಪುಟ್ಟ ಪೆಟ್ಟಿಗೆಗೆ ಒಂದು ಸಣ್ಣ ಬ್ಯಾಟರಿ ಜೋಡಿಸಿಕೊಂಡ ವ್ಯಾಪಾರಿ ಕತ್ತಲೆಯಲ್ಲೂ ಕಾರ್ಡ್ ಪಾವತಿ ಪಡೆಯಬಲ್ಲವನಾದ.

ಈ ನಡುವೆ, ಬಡಾವಣೆಯೊಂದರ ವಿಶ್ವಾಸದಿಂದ ಬೆಳೆದ ಕಂಪನಿಯ ಒಡೆತನ ಕೈ ಬದಲಾಯಿಸಿತು. ಡಾರ್ಕ್ ಫೈಬರ್ ಆಫ್ರಿಕ ಸಂಸ್ಥೆಯ ಮಾತೃಸಂಸ್ಥೆಯಾದ ಸಿಐವಿಎಚ್ 2019ರಲ್ಲಿ ವೂಮಾಟೆಲ್ಲನ್ನು ತನ್ನದಾಗಿಸಿಕೊಂಡಿತು. ಈ ಎರಡೂ ಜಾಲಗಳನ್ನು ಒಳಗೊಂಡ ಮಾಜಿವ್ ಸಂಸ್ಥೆಯಲ್ಲಿ ಪಾಲು ಪಡೆಯಲು ಮೊಬೈಲ್ ದೈತ್ಯ ವೋಡಾಕಾಂ 2021ರಲ್ಲಿ ಒಪ್ಪಂದ ಮಾಡಿಕೊಂಡಿತು. ಮೊಬೈಲ್ ಸೇವೆಯಲ್ಲಿ ಪ್ರಬಲವಾಗಿರುವ ಕಂಪನಿಯ ಕೈಗೆ ಮನೆಬಾಗಿಲಿನ ಫೈಬರ್ ಕೂಡ ಸಿಕ್ಕರೆ ಮುಕ್ತ ಜಾಲದ ಗತಿಯೇನು ಎಂಬ ಪ್ರಶ್ನೆ ಎದ್ದಿತು. ಸ್ಪರ್ಧಾ ನ್ಯಾಯಮಂಡಳಿ 2024ರ ಅಕ್ಟೋಬರ್‌ನಲ್ಲಿ ವ್ಯವಹಾರವನ್ನು ತಡೆಯಿತು. ಕಂಪನಿಗಳು ಮೇಲ್ಮನವಿ ಸಲ್ಲಿಸಿದವು. 2025ರ ಆಗಸ್ಟ್‌ನಲ್ಲಿ ಸ್ಪರ್ಧಾ ಮೇಲ್ಮನವಿ ನ್ಯಾಯಾಲಯ ಆ ತಡೆಯನ್ನು ರದ್ದುಗೊಳಿಸಿ, ಷರತ್ತುಗಳೊಂದಿಗೆ ಅನುಮತಿ ನೀಡಿತು. ನಿವಾಸಿಗಳ ಸಂಘವೊಂದು 2014ರಲ್ಲಿ ತನ್ನ ಬೀದಿಗಳಿಗಾಗಿ ಕೇಳಿದ್ದ ಪ್ರಶ್ನೆಯನ್ನು, ಅಂದರೆ ನೆಲದಡಿಯ ಒಡೆಯ ಒಬ್ಬನೇ ಆದರೂ ಗ್ರಾಹಕನ ಆಯ್ಕೆ ಉಳಿಯುವುದು ಹೇಗೆಂಬುದನ್ನು, ಹನ್ನೊಂದು ವರ್ಷಗಳ ಬಳಿಕ ನ್ಯಾಯಾಲಯವೂ ತನ್ನ ಮುಂದಿರಿಸಿಕೊಂಡಿತ್ತು.