ಮಾರುತ್ತರ ಕೊಡುವ ಬಾನುಲಿ

ನಿಮ್ಮ ಮನೆಯ ಬಾನುಲಿ ಮಾತನಾಡುತ್ತದೆ, ನೀವು ಕೇಳುತ್ತೀರಿ. ಮೆಚ್ಚಿದ ಹಾಡು ಇನ್ನೊಮ್ಮೆ ಬೇಕೆನಿಸಿದರೆ ಪೆಟ್ಟಿಗೆಗೆ ಹೇಳಿ ಫಲವಿಲ್ಲ. ನಿಲಯಕ್ಕೆ ಕಾಗದ ಬರೆದು ಕಾಯಬೇಕು. ಆದರೆ ಕೇಳಿದ ಮಾತಿಗೆ ಆ ಕ್ಷಣವೇ ಮಾರುತ್ತರ ಕೊಡುವ ಬಾನುಲಿಯೂ ಒಂದುಂಟು. ಅದನ್ನು ನಡೆಸುವವರು ಸಂಬಳದ ನೌಕರರಲ್ಲ. ವಕೀಲರು, ಉಪಾಧ್ಯಾಯರು, ಅಂಗಡಿ ನಡೆಸುವವರು, ಕಾಲೇಜಿನ ಹುಡುಗ ಹುಡುಗಿಯರು ತಮ್ಮ ಬಿಡುವಿನ ವೇಳೆಯಲ್ಲಿ ಸಂತೋಷಕ್ಕಾಗಿ ನಡೆಸುತ್ತಾರೆ. ಇದಕ್ಕೆ ಹವ್ಯಾಸಿ ಬಾನುಲಿ ಎಂದು ಹೆಸರು. ಇದರಲ್ಲಿ ತೊಡಗಿದವರನ್ನು ಲೋಕವೆಲ್ಲ ‘ಹ್ಯಾಮ್’ ಎಂದು ಕರೆಯುತ್ತದೆ.

ಮೈಸೂರು ಸೀಮೆಯವರಿಗೆ ಈ ವಿಷಯ ಹೊರಗಿನದಲ್ಲ. 1935ರ ಸೆಪ್ಟೆಂಬರ್ 10ರಂದು ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ 30 ವ್ಯಾಟಿನ ಪುಟ್ಟ ಪ್ರೇಷಕವೊಂದನ್ನು ಇಟ್ಟುಕೊಂಡು ಪ್ರಸಾರ ಆರಂಭಿಸಿದರು. ಒಂದು ಸಾಧಾರಣ ವಿದ್ಯುದ್ದೀಪಕ್ಕೆ ಬೇಕಾದಷ್ಟೇ ಶಕ್ತಿ ಅದು. ‘ಆಕಾಶವಾಣಿ’ ಎಂಬ ಹೆಸರು ದೇಶಕ್ಕೆಲ್ಲ ದೊರೆತದ್ದು ಆ ಮನೆಯಿಂದ. ಮುಂದೆ ಮೈಸೂರು ಸಂಸ್ಥಾನ ಆ ನಿಲಯವನ್ನು ವಹಿಸಿಕೊಂಡಿತು; 1950ರಲ್ಲಿ ಅದು ಅಖಿಲ ಭಾರತ ಬಾನುಲಿಗೆ ಸೇರಿತು; 1955ರ ನವೆಂಬರ್ 2ರಂದು ಬೆಂಗಳೂರು ನಿಲಯ ಆರಂಭವಾಯಿತು. ಸರ್ಕಾರದ ದೊಡ್ಡ ಸಂಸ್ಥೆಯೊಂದರ ಬೇರು ಒಬ್ಬ ಅಧ್ಯಾಪಕರ ಹವ್ಯಾಸದಲ್ಲಿ ಇತ್ತೆಂಬುದು ನಮ್ಮವರು ಹೆಮ್ಮೆಪಡತಕ್ಕ ಸಂಗತಿಯೇ ಸರಿ.

ಆದರೂ ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಗೋಪಾಲಸ್ವಾಮಿಯವರು ಮಾಡಿದ್ದು ಪ್ರಸಾರ. ಒಬ್ಬರು ಹೇಳಿ ಸಾವಿರಾರು ಮಂದಿ ಕೇಳುವುದು. ಹ್ಯಾಮ್ ಮಾಡುವುದು ಸಂಭಾಷಣೆ. ಅವನು ಸಂಗೀತ ಹಾಕುವಂತಿಲ್ಲ, ವ್ಯಾಪಾರದ ಮಾತು ಆಡುವಂತಿಲ್ಲ, ಗುಟ್ಟಿನ ಸಂಕೇತ ಬಳಸುವಂತಿಲ್ಲ. ಯಾರು ಬೇಕಾದರೂ ಕೇಳಿ ತಿಳಿಯಬಹುದಾದ ಸರಳ ಭಾಷೆಯಲ್ಲಿ, ತನ್ನಂತೆಯೇ ಪರವಾನಗಿ ಪಡೆದ ಇನ್ನೊಬ್ಬನೊಡನೆ ಮಾತನಾಡಬೇಕು.

ನಮ್ಮ ದೇಶದಲ್ಲಿ ಮೊದಲ ಹವ್ಯಾಸಿ ಪರವಾನಗಿ 1921ರಲ್ಲಿ ಅಮರೇಂದ್ರಚಂದ್ರ ಗುಪ್ತು ಎಂಬುವರಿಗೆ ದೊರೆಯಿತು. 1939ರಲ್ಲಿ ಮಹಾಯುದ್ಧ ಆರಂಭವಾದಾಗ ಹವ್ಯಾಸಿಗಳೆಲ್ಲ ತಮ್ಮ ಪ್ರೇಷಕಗಳನ್ನು ಪೊಲೀಸರಿಗೆ ಒಪ್ಪಿಸಬೇಕಾಯಿತು. ಸ್ವಾತಂತ್ರ್ಯ ಬಂದ ಮೇಲೆ, 1948ರಲ್ಲಿ, ಮಧ್ಯಭಾರತದ ಮ್ಹೌ ಪಟ್ಟಣದಲ್ಲಿ ಹವ್ಯಾಸಿಗಳ ಅಖಿಲ ಭಾರತ ಸಂಘ ಹುಟ್ಟಿತು. ಬಹುಕಾಲ ಹೊರದೇಶದ ಯಂತ್ರಗಳ ಮೇಲಿನ ಸುಂಕ ಸಾಮಾನ್ಯರ ಕೈಗೆ ಎಟುಕದಷ್ಟಿತ್ತು. ಆದ್ದರಿಂದ ಹಳೆಯ ರೇಡಿಯೋಗಳ ವಾಲ್ವು, ಕಾಯಿಲುಗಳನ್ನು ಬಿಚ್ಚಿ ತಾವೇ ಪ್ರೇಷಕ ಕಟ್ಟಿಕೊಂಡವರು ಅನೇಕರು. ಈಗ ಅಂಗಡಿಯಿಂದ ತಂದು ನೇರವಾಗಿ ಗುಂಡಿಯೊತ್ತುವ ಅನುಕೂಲವಿದೆ. ಆ ಕಟ್ಟುವ ಕೆಲಸದ ಸುಖ ಮಾತ್ರ ಬೇರೆಯದು.

ನಮ್ಮ ನಾಡಿನಲ್ಲಿ ಈ ವಿದ್ಯೆಯನ್ನು ಕಾಪಾಡಿಕೊಂಡು ಬಂದಿರುವುದು ಕ್ಲಬ್ಬುಗಳು. ವಿಯು2ಎಆರ್‌ಸಿ ಎಂಬ ಕರೆಸಂಕೇತದ ಬೆಂಗಳೂರು ಹವ್ಯಾಸಿ ರೇಡಿಯೋ ಕ್ಲಬ್ಬು ದಶಕಗಳಿಂದ ಹೆಸರಾಗಿದೆ. ಕರೆಸಂಕೇತವೆಂದರೆ ಹ್ಯಾಮ್‌ನ ಮನೆತನದ ಹೆಸರಿದ್ದಂತೆ. ‘ವಿಯು’ ಎಂದು ಕೇಳಿದೊಡನೆ ಭಾರತದವರೆಂದು ಜಗತ್ತಿಗೆ ತಿಳಿಯುತ್ತದೆ. ಬೆಂಗಳೂರಿನ ಉಪಗ್ರಹ ಕೇಂದ್ರದವರದೂ ಒಂದು ಕ್ಲಬ್ಬು ಉಂಟು. ಹವ್ಯಾಸಿಗಳಿಗೆಂದೇ ಇಸ್ರೋ ಸಂಸ್ಥೆ ‘ಹ್ಯಾಮ್‌ಸ್ಯಾಟ್’ ಎಂಬ 42.5 ಕಿಲೋಗ್ರಾಂ ತೂಕದ ಪುಟ್ಟ ಉಪಗ್ರಹವನ್ನು ನಿರ್ಮಿಸಿ 2005ರ ಮೇ 5ರಂದು ಹಾರಿಸಿತು. 2014ರವರೆಗೆ ಅದು ದೇಶದೇಶಗಳ ಹವ್ಯಾಸಿಗಳ ದನಿಯನ್ನು ಹೊತ್ತು ತಿರುಗಿತು. 2025ರ ಜುಲೈನಲ್ಲಿ ಅಂತರಿಕ್ಷ ನಿಲ್ದಾಣದಲ್ಲಿದ್ದ ಶುಭಾಂಶು ಶುಕ್ಲಾ ಅವರು ಬೆಂಗಳೂರಿನ ಇದೇ ಕೇಂದ್ರದಲ್ಲಿ ನೆರೆದವರ ಪ್ರಶ್ನೆಗಳಿಗೆ ಉತ್ತರ ಕೊಟ್ಟದ್ದೂ ಹ್ಯಾಮ್ ರೇಡಿಯೋ ಮೂಲಕವೇ.

ಅಂತರಿಕ್ಷದ ಮಾತು ಹಾಗಿರಲಿ, ನಮ್ಮ ಊರುಕೇರಿಗಳಲ್ಲಿ ಇದು ನಡೆಯುವ ಬಗೆಯನ್ನು ನೋಡೋಣ. ಶ್ರೀರಂಗಪಟ್ಟಣದ ದಸರಾ ಮೆರವಣಿಗೆ ಹೊರಡುವ ಕಿರಂಗೂರನ್ನು ನೀವು ಬಲ್ಲಿರಿ. ಅಲ್ಲಿಂದ ಮೈಸೂರಿಗೆ ಸುಮಾರು 20 ಕಿಲೋಮೀಟರು. ಕೈಯಲ್ಲಿ ಹಿಡಿಯುವ ಸಣ್ಣ ಯಂತ್ರಗಳು ಬಳಸುವ 144ರಿಂದ 146 ಮೆಗಾಹರ್ಟ್ಸಿನ ಅಲೆಗಳು ನಿಮ್ಮ ಎಫ್.ಎಂ. ಪ್ರಸಾರದ ಅಲೆಗಳ ಹತ್ತಿರದ ನೆಂಟರು. ಅವು ಬಹುಮಟ್ಟಿಗೆ ಕಣ್ಣಿನ ನೋಟದಂತೆ ನೇರವಾಗಿ ಹೋಗುತ್ತವೆ; ನಡುವೆ ದಿಣ್ಣೆ ಬಂದರೆ ತಡೆಯುತ್ತವೆ. ಅದಕ್ಕಾಗಿ ಹವ್ಯಾಸಿಗಳು ಎತ್ತರದ ಜಾಗದಲ್ಲಿ ‘ರಿಪೀಟರ್’ ಇಡುತ್ತಾರೆ. ತಗ್ಗಿನಲ್ಲಿರುವವನ ಮಾತನ್ನು ಕೇಳಿ, ಅದನ್ನೇ ಬಲವಾಗಿ ಮರಳಿ ಹೇಳುವ ಯಂತ್ರ ಅದು. ನಮ್ಮ ಕರಿಘಟ್ಟವಾಗಲಿ ಪಾಂಡವಪುರದ ಕುಂತಿಬೆಟ್ಟವಾಗಲಿ ಇಂಥ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ!

ದೂರದ ಮಾತಿಗೆ ಬೇರೆ ದಾರಿ. 7 ಮೆಗಾಹರ್ಟ್ಸಿನ ಹ್ರಸ್ವತರಂಗಗಳು ಮೇಲಕ್ಕೆ ಹೋಗಿ, ಆಕಾಶದ ವಿದ್ಯುತ್ಕಣಗಳ ಪದರದಿಂದ ಬಾಗಿ, ನೂರಾರು ಮೈಲಿಯಾಚೆ ಇಳಿಯುತ್ತವೆ. ಇದಕ್ಕೆ ಬೇಕಾದ ಏರಿಯಲ್ ಏನೂ ದುಬಾರಿಯದಲ್ಲ. ಎರಡು ತೆಂಗಿನ ಮರಗಳ ನಡುವೆ ಸುಮಾರು 20 ಮೀಟರು ತಾಮ್ರದ ತಂತಿ ಕಟ್ಟಿ, ನಡುಮಧ್ಯದಲ್ಲಿ ಕತ್ತರಿಸಿ, ಅಲ್ಲಿಂದ ಕೇಬಲ್ ಇಳಿಸಿದರೆ ಆಯಿತು. ತೆಂಗಿನ ಮರಕ್ಕೆ ನಮ್ಮ ಕಡೆ ಬರವೇ?

ಕ್ಲಬ್ಬಿನವರು ನಿಗದಿಯಾದ ಹೊತ್ತಿನಲ್ಲಿ ಒಂದೇ ತರಂಗಾಂತರದಲ್ಲಿ ಸೇರಿ ಹಾಜರಿ ಹೇಳುತ್ತಾರೆ. ದೂರದ ಊರಿನವನೊಡನೆ ಮಾತಾದದ್ದಕ್ಕೆ ಸಾಕ್ಷಿಯಾಗಿ ಚೆಂದದ ಕಾರ್ಡುಗಳನ್ನು ಅಂಚೆಯಲ್ಲಿ ಕಳುಹಿಸುತ್ತಾರೆ. ಬಚ್ಚಿಟ್ಟ ಪ್ರೇಷಕವೊಂದನ್ನು ಅಲೆಗಳ ಜಾಡು ಹಿಡಿದು ಹುಡುಕುವ ‘ನರಿ ಬೇಟೆ’ ಎಂಬ ಆಟವೂ ಇದೆ. ಇವೆಲ್ಲ ಹೊತ್ತು ಕಳೆಯುವ ವಿನೋದವೆಂದು ನೀವು ಎಣಿಸಬಹುದು. ಅಷ್ಟೇ ಅಲ್ಲವೆಂಬುದು 2004ರ ಡಿಸೆಂಬರ್ 26ರಂದು ತಿಳಿಯಿತು.

ಅಂಡಮಾನಿನ ಹವ್ಯಾಸಿ ಕರೆಸಂಕೇತ ವರ್ಷಗಟ್ಟಲೆ ಲೋಕಕ್ಕೆ ಕೇಳಿಸಿರಲಿಲ್ಲ. ಆ ದ್ವೀಪದಿಂದ ಮಾತನಾಡಬೇಕೆಂಬ ಆಸೆಯಿಂದ ದೆಹಲಿಯ ಭಾರತಿ ಪ್ರಸಾದ್ ಅವರೂ ಸಂಗಡಿಗರೂ ವಿಶೇಷ ಅನುಮತಿ ಪಡೆದು ಪೋರ್ಟ್‌ಬ್ಲೇರಿನ ಹೋಟೆಲೊಂದರಲ್ಲಿ ಯಂತ್ರಗಳನ್ನು ಹೂಡಿದ್ದರು. ಆ ಭಾನುವಾರ ಬೆಳಗ್ಗೆ ನೆಲ ನಡುಗಿತು, ಸಮುದ್ರ ಮೇಲೆ ಬಂತು. ದೂರವಾಣಿ ಸಂಪರ್ಕ ಕಡಿದುಹೋಯಿತು. ಆಟಕ್ಕೆಂದು ತಂದಿದ್ದ ಯಂತ್ರವೇ ದ್ವೀಪಕ್ಕೂ ಭೂಭಾಗಕ್ಕೂ ನಡುವಣ ಸೇತುವೆಯಾಯಿತು. ಬದುಕಿದ್ದೇವೆಂದು ಹೇಳಲು ಬಂದವರ ಹೆಸರುಗಳನ್ನು ಅವರು ಒಂದೊಂದಾಗಿ ಓದುತ್ತಿದ್ದರು. ಈಚೆ ದಡದಲ್ಲಿ ಹವ್ಯಾಸಿಗಳು ಅವನ್ನು ಬರೆದುಕೊಂಡು ಆಯಾ ಮನೆಗಳಿಗೆ ಸುದ್ದಿ ಮುಟ್ಟಿಸುತ್ತಿದ್ದರು. ಅಂಥ ದಿನ ‘ಬದುಕಿದ್ದಾನೆ’ ಎಂಬ ಒಂದು ಮಾತಿಗೆ ಬೆಲೆ ಕಟ್ಟುವವರು ಯಾರು?

ಯಂತ್ರವಿದ್ದ ಮಾತ್ರಕ್ಕೆ ಈ ಕೆಲಸ ಆಗುವುದಿಲ್ಲ. ನಮ್ಮ ಜಿಲ್ಲೆಯದೇ ಉದಾಹರಣೆ ತೆಗೆದುಕೊಳ್ಳಿ. ಕನ್ನಂಬಾಡಿ ಕಟ್ಟೆಯಿಂದ ಹೆಚ್ಚು ನೀರು ಬಿಟ್ಟರೆ ರಂಗನತಿಟ್ಟಿನಲ್ಲಿ ದೋಣಿ ನಿಲ್ಲುತ್ತದೆ, ನಿಮಿಷಾಂಬೆಯ ಗುಡಿಯ ಸ್ನಾನಘಟ್ಟ ಮುಳುಗುತ್ತದೆ. ಅಂಥ ರಾತ್ರಿ, ಗೊರಗೊರ ಸದ್ದಿನ ನಡುವೆ, ಸಹಾಯ ಬೇಕಾದ ಊರಿನ ಹೆಸರು ಅರ್ಧ ಮಾತ್ರ ಕೇಳಿಸಿತೆನ್ನಿ. ಅದು ಕಿರಂಗೂರೋ ಕಿರುಗಾವಲೋ? ಒಂದು ಶ್ರೀರಂಗಪಟ್ಟಣದ ಬಳಿ, ಇನ್ನೊಂದು ಮಳವಳ್ಳಿಯ ಕಡೆ. ತಪ್ಪಾಗಿ ಕೇಳಿದರೆ ವಾಹನ ಹೋಗುವುದು ಬೇರೊಂದು ತಾಲ್ಲೂಕಿಗೆ! ಪಳಗಿದ ಹ್ಯಾಮ್ ಹೆಸರನ್ನು ಅಕ್ಷರ ಅಕ್ಷರ ಬಿಡಿಸಿ, ಒಂದೊಂದಕ್ಕೂ ಗೊತ್ತುಮಾಡಿದ ಪದವನ್ನು ಹೇಳುತ್ತಾನೆ. ಆಚೆಯವನು ಅದನ್ನೇ ಮರಳಿ ಓದಿ ಸರಿಯೆನ್ನಿಸಿಕೊಂಡ ಮೇಲೆಯೇ ಮುಂದಿನ ಮಾತು. ಒಬ್ಬ ಮಾತನಾಡುವಾಗ ಇನ್ನೊಬ್ಬ ಸುಮ್ಮನಿರಬೇಕು. ಇದು ನಮ್ಮಲ್ಲಿ ಅಷ್ಟು ಸುಲಭದ ವಿದ್ಯೆಯಲ್ಲ. ವಾರವಾರದ ಹಾಜರಿಯಲ್ಲಿ ನಡೆಯುವುದು ಇದರ ಸಾಧನೆಯೇ. ಎಲ್ಲರ ಜೇಬಿನಲ್ಲೂ ಮೊಬೈಲು ಇರುವಾಗ ಇದೇಕೆ ಎನ್ನುವವರಿದ್ದಾರೆ. ಗೋಪುರಕ್ಕೆ ವಿದ್ಯುತ್ತು ಹೋದರೆ ಮೊಬೈಲು ಮೂಕ. ಕಾರಿನ ಬ್ಯಾಟರಿ ಮತ್ತು ತಂತಿಯೊಂದು ಇದ್ದರೆ ಹ್ಯಾಮ್‌ಗೆ ಸಾಕು.

ಹಿಂದೆ ಹಾಡು ಕೇಳುವ ರೇಡಿಯೋಗೂ ಅಂಚೆ ಕಚೇರಿಯಲ್ಲಿ ವರ್ಷವರ್ಷ ಪರವಾನಗಿಯ ಹಣ ಕಟ್ಟುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಆ ಕಟ್ಟಳೆ ಹೋಗಿದೆ. ಮಾತನಾಡುವ ಯಂತ್ರಕ್ಕೆ ಮಾತ್ರ ಕೇಂದ್ರ ಸಂಪರ್ಕ ಇಲಾಖೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪರವಾನಗಿ ಪಡೆಯಲೇಬೇಕು. 12 ವರ್ಷ ತುಂಬಿದ ಮಕ್ಕಳೂ ಕುಳಿತುಕೊಳ್ಳಬಹುದು. ಕೇಳುವ ಪ್ರಶ್ನೆಗಳು ವಿದ್ಯುತ್ತಿನ ಮೂಲಪಾಠ ಮತ್ತು ನಿಯಮಗಳ ಮೇಲೆ. ಮೇಲಿನ ದರ್ಜೆಯನ್ನು ಬಯಸುವವರಿಗೆ ಮೋರ್ಸ್ ಸಂಕೇತದ ಪರೀಕ್ಷೆ ಇರುತ್ತಿತ್ತು. 2013ರಲ್ಲಿ ತಂತಿ ಸೇವೆಯೇ ನಿಂತಿತು; ‘ಕಟ್ಟ ಕಡ’ ಎಂಬ ತಂತಿ ಕಚೇರಿಯ ಸದ್ದು ಅದಕ್ಕೂ ಮೊದಲೇ ನಿಂತಿತ್ತು. ಹವ್ಯಾಸಿಗಳ ನಡುವೆ ಇನ್ನೂ ಜೀವಂತವಾಗಿದೆ.

ಮೊದಲು ಕೇಳಿ ನೋಡಬೇಕೆನ್ನುವವರು ಹ್ರಸ್ವತರಂಗಗಳ ಸೆಟ್ಟಿನಲ್ಲಿ ಬೆಳಗಿನ ಹೊತ್ತು 7.0ರಿಂದ 7.2 ಮೆಗಾಹರ್ಟ್ಸಿನವರೆಗೆ ಮೆಲ್ಲಗೆ ಮುಳ್ಳು ತಿರುಗಿಸಬಹುದು. ಸಾಮಾನ್ಯ ಸೆಟ್ಟಿನಲ್ಲಿ ಅವರ ದನಿ ಬಾತುಕೋಳಿ ಕೂಗಿದಂತೆ ಕೇಳಿಸಿದರೆ ಸೆಟ್ಟು ಕೆಟ್ಟಿತೆಂದು ತಿಳಿಯಬೇಡಿ. ಅವರು ಶಕ್ತಿ ಉಳಿಸಲು ಅಲೆಯ ಒಂದು ಪಕ್ಕವನ್ನು ಮಾತ್ರ ಕಳುಹಿಸುತ್ತಾರೆ, ‘ಎಸ್.ಎಸ್.ಬಿ.’ ಎಂಬ ಗುಂಡಿಯುಳ್ಳ ಸೆಟ್ಟಿನಲ್ಲಿ ಅದೇ ದನಿ ಮನುಷ್ಯರ ಮಾತಾಗುತ್ತದೆ.