ಪುಣೆಯ ಗೋಖಲೆ ಸಂಸ್ಥೆ ಮತ್ತು ಐವತ್ತು ಪೈಸೆಯ ಗೆರೆ

ಪುಣೆಯ ಗೋಖಲೆ ರಾಜಕೀಯ ಮತ್ತು ಅರ್ಥಶಾಸ್ತ್ರ ಸಂಸ್ಥೆ ಹುಟ್ಟಿದ್ದು 1930ರಲ್ಲಿ. ದುಡ್ಡು ಕೊಟ್ಟವರು ಸಾತಾರದ ಆರ್. ಆರ್. ಕಾಳೆ. ಹೊಣೆ ಹೊತ್ತದ್ದು ಗೋಪಾಲಕೃಷ್ಣ ಗೋಖಲೆಯವರು ಕಟ್ಟಿದ್ದ ಭಾರತ ಸೇವಕ ಸಮಾಜ. ಮೊದಲ ನಿರ್ದೇಶಕ ಡಿ. ಆರ್. ಗಾಡ್ಗೀಳರು ಕೇಂಬ್ರಿಜ್‌ನಲ್ಲಿ ಓದಿ ಬಂದವರು. ಆದರೆ ಸಂಸ್ಥೆಗೆ ಅವರು ಹಚ್ಚಿದ್ದು ಊರೂರು ತಿರುಗಿ ಕೇಳುವ ಚಟ. ವಾಯಿ ತಾಲ್ಲೂಕಿನ ರೈತರ ಖರ್ಚು-ಹುಟ್ಟುವಳಿ, ಪುಣೆ ಪೇಟೆಯ ಮನೆಗಳ ಆದಾಯ ಎಲ್ಲವನ್ನೂ ಬಾಗಿಲು ತಟ್ಟಿ ಬರೆದುಕೊಂಡರು.

ಈ ಚಟ ಸರ್ಕಾರಕ್ಕೆ ಯಾವಾಗಲೂ ಹಿತವಾಗಲಿಲ್ಲ. 1948ರ ಮುಂಬಯಿ ಗೇಣಿ ಕಾಯ್ದೆಯನ್ನೇ ನೋಡಿ. ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಆಗ ಮುಂಬಯಿಗೇ ಸೇರಿದ್ದವು. ಅಲ್ಲಿನ ಗೇಣಿದಾರರಿಗೂ ಅದೇ ಕಾಯ್ದೆ. ಒಡೆಯ ಮನಬಂದಂತೆ ಹೊಲ ಬಿಡಿಸುವಂತಿಲ್ಲ, ಸರಿ. ಗೇಣಿದಾರ ತಾನಾಗಿ ಬಿಟ್ಟುಕೊಟ್ಟರೆ? ಅದಕ್ಕೆ ಅಡ್ಡಿಯಿರಲಿಲ್ಲ. ಸಂಸ್ಥೆಯ ವಿ. ಎಂ. ದಾಂಡೇಕರ್ ಮತ್ತು ಜಿ. ಜೆ. ಖುದಾನಪುರ 1957ರ ವರದಿಯಲ್ಲಿ ತೋರಿಸಿದ್ದು ಇದನ್ನೇ: ಕಾಗದದಲ್ಲಿ ‘ರಾಜಿಖುಷಿ’ಯಿಂದ ಬಿಟ್ಟ ಹೊಲಗಳು ಬೇಕಾದಷ್ಟಿವೆ, ಆ ಖುಷಿಯನ್ನು ನಂಬುವುದು ಕಷ್ಟ. ಕಚೇರಿಯಲ್ಲಿ ಕೂತು ದಾಖಲೆ ಓದುವವನಿಗೆ ಇದು ಎಂದೂ ಕಾಣದು.

ಸಂಸ್ಥೆಯ ಹೆಸರು ಮನೆಮಾತಾದದ್ದು 1971ರಲ್ಲಿ. ಬಡವ ಎಂದರೆ ಯಾರು? ದಾಂಡೇಕರ್ ಮತ್ತು ನೀಲಕಂಠ ರಥ್ ಹೊಟ್ಟೆಯಿಂದಲೇ ಲೆಕ್ಕ ಶುರುಮಾಡಿದರು. ಒಬ್ಬರಿಗೆ ದಿನಕ್ಕೆ 2250 ಕ್ಯಾಲೊರಿ ಬೇಕು ಎಂದು ಇಟ್ಟುಕೊಂಡು, ಅಷ್ಟು ಉಣ್ಣುವ ಮನೆಗಳು ಒಟ್ಟಾರೆ ಎಷ್ಟು ಖರ್ಚು ಮಾಡುತ್ತವೆ ಎಂದು ರಾಷ್ಟ್ರೀಯ ಮಾದರಿ ಸಮೀಕ್ಷೆಯ ಅಂಕಿಗಳಲ್ಲಿ ಹುಡುಕಿದರು. 1960–61ರ ಬೆಲೆಯಲ್ಲಿ ಹಳ್ಳಿಯಲ್ಲಿ ತಲೆಗೆ ತಿಂಗಳಿಗೆ ಸುಮಾರು 15 ರೂಪಾಯಿ, ಪೇಟೆಯಲ್ಲಿ 22.50. ಹಳ್ಳಿಯವನಿಗೆ ದಿನಕ್ಕೆ ಐವತ್ತು ಪೈಸೆ ಬಿತ್ತು; ಜೋಳ, ಎಣ್ಣೆ, ಸೌದೆ, ಬಟ್ಟೆ ಎಲ್ಲಾ ಅದರಲ್ಲೇ. ಅಷ್ಟೂ ಇಲ್ಲದವರು ಹಳ್ಳಿಗಳಲ್ಲಿ ಶೇ. 40, ಪೇಟೆಗಳಲ್ಲಿ ಶೇ. 50.

ಪೇಟೆಯಲ್ಲೇ ಹೆಚ್ಚೆ? ಹೌದು. ಹಳ್ಳಿಯಲ್ಲಿ ಕೂಲಿ ಸಿಗದೆ ಉಕ್ಕಿ ಬಂದವರೇ ಪೇಟೆಯ ಬಡವರು ಎಂಬುದು ಅವರ ವಾದ. ಮದ್ದೂ ಅದಕ್ಕೆ ತಕ್ಕದ್ದೇ: ಹಳ್ಳಿಯಲ್ಲೇ ಸರ್ಕಾರ ಕೆಲಸ ಕೊಡಲಿ. ಭೂಮಿ ಹಂಚಿದರೆ ಸಾಕು ಎನ್ನುತ್ತಿದ್ದವರಿಗೆ ಈ ಮಾತು ರುಚಿಸಲಿಲ್ಲ.

ಲೆಕ್ಕವೂ ಸಲೀಸಾಗಿ ಪಾಸಾಗಲಿಲ್ಲ. ಪುಣೆಯಲ್ಲೇ ನೆಲೆಸಿದ್ದ ಸಂಖ್ಯಾಶಾಸ್ತ್ರಜ್ಞ ಪಿ. ವಿ. ಸುಖಾತ್ಮೆ ತಕರಾರು ತೆಗೆದರು. ಒಬ್ಬೊಬ್ಬರ ದೇಹದ ಬೇಡಿಕೆ ಒಂದೊಂದು ಬಗೆ, ಒಬ್ಬನಿಗೇ ದಿನದಿಂದ ದಿನಕ್ಕೂ ಬೇರೆ. ಸರಾಸರಿಗಿಂತ ಕಡಿಮೆ ಉಂಡವರೆಲ್ಲ ಹಸಿದವರು ಹೇಗಾಗುತ್ತಾರೆ? ನನಗೆ ಈ ಆಕ್ಷೇಪ ಗಟ್ಟಿಯೆನಿಸುತ್ತದೆ. ದಾಂಡೇಕರರು ಮಾತ್ರ ಒಪ್ಪಲಿಲ್ಲ; ಜಗಳ ವರ್ಷಗಟ್ಟಲೆ ನಡೆಯಿತು. 1979ರಲ್ಲಿ ಯೋಜನಾ ಆಯೋಗದ ಕಾರ್ಯಪಡೆ ಹಳ್ಳಿಗೆ 2400, ಪೇಟೆಗೆ 2100 ಎಂದು ಅಳತೆ ಬದಲಿಸಿತೇ ಹೊರತು ಕ್ಯಾಲೊರಿಯನ್ನು ಬಿಡಲಿಲ್ಲ.